ಸೊಟ್ಟ ಕೊಕ್ಕಿನ ಪಾಟಿ, ಕೋಟೆಯ ಕೊತ್ತಲ

“ಇದೇನ್ರೀ ಇದು, ಬಾತುಕೋಳಿನಾ? ಮೂತಿಗೆ ಲಕ್ವ ಹೊಡೆದಿರೋ ಕಾಗೆ ಇದ್ದಂಗಿದೆ!”

ನಾನು ಹುಟ್ಟಿ ಮೈ ಬಿಸಿ ಇನ್ನೂ ಆರಿರಲಿಲ್ಲ. ಆಗಲೇ ಕಿವಿಗೆ ಬಿದ್ದ ಮೊದಲ ಮಾತು ಇದು. ಹೇಳಿದವನು ಮೈಸೂರಿನ ಹೊರವಲಯದ ಒಂದು ಪ್ಲಾಸ್ಟಿಕ್ ಶೆಡ್ಡಿನ ಸೂಪರ್‌ವೈಸರು. ಸುತ್ತ ನಿಂತಿದ್ದ ಎಂಟು ಜನ ಕೆಲಸಗಾರರೂ ಹಲ್ಲು ಕಿರಿದರು. ಅಚ್ಚಿನ ಬೋಲ್ಟು ಬಿಗಿ ಮಾಡದೆ ಬಿಟ್ಟವನು ಅದೇ ಸೂಪರ್‌ವೈಸರು. ಅವನು ಬೆಳಗ್ಗೆಯಿಂದ ಫೋನಿನಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದ, ನನ್ನ ಕೊಕ್ಕು ಎಡಕ್ಕೆ ವಾಲಿತು. ಬೈಸಿಕೊಂಡದ್ದು ಮಾತ್ರ ನಾನು.

ನಾನು ಒಂದು ಪಾಟಿ. ಗೊತ್ತಿಲ್ಲದವರಿಗೆ ಬಿಡಿಸಿಯೇ ಹೇಳುತ್ತೇನೆ, ನನಗೇನು ನಾಚಿಕೆ? ಸಣ್ಣ ಮಕ್ಕಳನ್ನು ಕಕ್ಕ ಮಾಡಲು ಕೂರಿಸುವ ಪ್ಲಾಸ್ಟಿಕ್ ಪೀಠ. ಬಣ್ಣ ಹಳದಿ, ಆಕಾರ ಬಾತುಕೋಳಿಯದು. ಮುಂದೆ ಕತ್ತು, ಹಿಂದೆ ಬಾಲ, ನಡುವೆ ಹಳ್ಳ. ಆ ಹಳ್ಳದ ತಳದಲ್ಲಿ ನಗುವ ಮಗುವಿನ ಮುಖ, ಅದರ ಕೆಳಗೆ ‘ಬೇಬಿ ಪಾಟಿ’ ಎಂಬ ಉಬ್ಬಕ್ಷರ. ಅಂಥ ಜಾಗದಲ್ಲಿ ನಗುವ ಮುಖ ಕೆತ್ತಬೇಕೆಂದು ಯಾರ ತಲೆಗೆ ಹೊಳೆಯಿತೋ, ಅವನು ಕಣ್ಣಿಗೆ ಬಿದ್ದರೆ ಎರಡು ಮಾತು ಕೇಳುವುದಿದೆ.

ಸೊಟ್ಟ ಕೊಕ್ಕಿನಿಂದಾಗಿ ನನಗೆ ಅಂಗಡಿಯ ಗಾಜಿನ ಕಪಾಟು ಸಿಗಲಿಲ್ಲ. ಫುಟ್‌ಪಾತಿನ ಮೇಲೆ ಬಕೀಟುಗಳ ನಡುವೆ ಕೂತೆ. ಅಲ್ಲಿಂದ ಕುವೆಂಪುನಗರದ ಒಂದು ಮನೆಗೆ ಹೋದೆ. ಒಳ್ಳೆಯ ಮನೆ, ಗ್ರಾನೈಟ್ ನೆಲ. ಚಿನ್ನು ಎಂಬ ಮಗುವನ್ನು ನನ್ನ ಮೇಲೆ ಕೂರಿಸಿ ಅದರ ತಾಯಿ “ಮಾಡು ಬಂಗಾರ, ಸ್ಸ್ಸ್, ಜಾಣೆ ಅಲ್ವಾ” ಎಂದು ಎದುರು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಕೆಲಸ ಆಯಿತೆಂದರೆ ಮನೆಮಂದಿಯೆಲ್ಲ ಚಪ್ಪಾಳೆ. ಫೋನಿನಲ್ಲಿ ಅಜ್ಜಿಗೂ ತೋರಿಸುತ್ತಿದ್ದರು. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಸೊಟ್ಟ ಕೊಕ್ಕು ಹಿಡಿದು ತನ್ನ ಭಾಷೆಯಲ್ಲಿ ಮಾತಾಡುತ್ತಿತ್ತು.

ದೊಡ್ಡವರದೇ ಅಸಹ್ಯ. ಬಾಗಿಲ ಗಂಟೆ ಬಾರಿಸಿದರೆ ಸಾಕು, “ರೀ, ಅದನ್ನ ಮೊದ್ಲು ಒಳಗೆ ತಳ್ರೀ, ಯಾರೋ ಬಂದ್ರು” ಎನ್ನುವಳು ತಾಯಿ. ಗಂಡ ಕಾಲಿನ ಹೆಬ್ಬೆರಳಿನಿಂದ ನನ್ನನ್ನು ವಾಷಿಂಗ್ ಮಶೀನಿನ ಹಿಂದಕ್ಕೆ ತಳ್ಳುವನು. ಯಾವುದಕ್ಕೆ ಚಪ್ಪಾಳೆ ತಟ್ಟಿದರೋ ಅದನ್ನೇ ಹೊತ್ತ ನನ್ನನ್ನು ಕಂಡು ಮೂಗು ಮುಚ್ಚಿಕೊಂಡರು. ಮಗು ದೊಡ್ಡದಾಯಿತು. ನನ್ನೊಳಗೆ ಬಟ್ಟೆ ಕ್ಲಿಪ್ಪು ತುಂಬಿ ಬಾಲ್ಕನಿಯಲ್ಲಿಟ್ಟರು. ಎರಡು ವರ್ಷ ಬಿಸಿಲು ತಿಂದೆ. ಒಂದು ಯುಗಾದಿಗೆ ಮನೆ ಗುಡಿಸುವಾಗ ಹಳೇ ಪೇಪರಿನ ಜೊತೆ ಗುಜರಿಗೆ ಹೋದೆ.

ಗುಜರಿ ಅಂಗಡಿ ಸಾಕಮ್ಮನದು. ಕೆಲಸವೆಲ್ಲ ಅವಳ ಅಕ್ಕನ ಮಗ ಕೆಂಪರಾಜುವಿನದು. ಇಪ್ಪತ್ತೆರಡರ ಪ್ರಾಯ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮಾತು ಕಡಿಮೆ. ಬಂದ ಸಾಮಾನನ್ನು ಅವನು ಮೊದಲು ತಲೆಕೆಳಗು ಮಾಡಿ ನೋಡುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಅನುಮಾನ ಬಂದರೆ ಒಂದು ಚೂರು ಸುಟ್ಟು ಮೂಸುತ್ತಿದ್ದ. ಮೇಣದ ವಾಸನೆ ಬಂದರೆ ಒಂದು ರಾಶಿ, ಮೂಗು ಉರಿದರೆ ಇನ್ನೊಂದು. ನನ್ನನ್ನೂ ತಲೆಕೆಳಗು ಮಾಡಿ ನೆಲದ ಮೇಲಿಟ್ಟ. ಎರಡು ಹೆಜ್ಜೆ ಹಿಂದೆ ಸರಿದ. ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ನನ್ನನ್ನು ರಾಶಿಗೆ ಹಾಕಲಿಲ್ಲ.

“ಏ ಕೆಂಪ, ಅದ್ಯಾಕ್ಲಾ ಮಡಿಕ್ಕಂಡೆ? ಹೇಲು ಬಾಚೋ ಸಾಮಾನು ಕನ್ಲಾ ಅದು!” ಎಂದಳು ಸಾಕಮ್ಮ.

“ಇರ್ಲಿ ಕನ್ ಚಿಕ್ಕವ್ವ. ಇದು ಕೊತ್ತಲ.”

“ಕೊತ್ತಲ ಅಂತೆ! ನಿನ್ ತಲೆ ಒಳ್ಗೂ ಅದೇ ತುಂಬ್ಕಂಡದೆ.”

ಸಂಗತಿ ಏನೆಂದರೆ, ಜಯಲಕ್ಷ್ಮೀಪುರಂನ ಒಂದು ಮಹಡಿಯಲ್ಲಿ ಕಾಫಿ ಅಂಗಡಿ ಇತ್ತು. ಅಲ್ಲಿ ಭಾನುವಾರ ಒಂದು ಕ್ಲಬ್ಬಿನವರು ಮೇಜಿನ ಮೇಲೆ ಯುದ್ಧ ಆಡುತ್ತಿದ್ದರು. ಹೆಬ್ಬೆರಳಿನಷ್ಟು ಎತ್ತರದ ಸೈನಿಕರು, ಅಳತೆಯ ಟೇಪು, ದಾಳ. ಸೈನಿಕರು ಅಡಗಲು ಗುಡ್ಡ, ಗೋಡೆ, ಕೋಟೆ ಬೇಕು. ಇವರ ಹತ್ತಿರ ಇದ್ದದ್ದು ಪುಸ್ತಕದ ಪೇರಿಕೆ ಮತ್ತು ಬೋರಲು ಹಾಕಿದ ಕಾಫಿ ಮಗ್ಗು. ರಟ್ಟಿನ ಪೆಟ್ಟಿಗೆ ಒಯ್ಯಲು ಹೋಗುತ್ತಿದ್ದ ಕೆಂಪರಾಜು ಬಾಗಿಲಲ್ಲೇ ನಿಂತು ನೋಡಿ ನೋಡಿ ಆಟ ಕಲಿತ. ನಿಯಮದ ಪುಸ್ತಕದ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು, ಒಂದೊಂದು ಇಂಗ್ಲಿಷ್ ಪದಕ್ಕೂ ಅರ್ಥ ಹುಡುಕಿ ಓದಿದ. ಅಂಗಡಿ ನೆಲದ ಮೇಲೆ ನಟ್ಟುಗಳದೊಂದು ಸೈನ್ಯ, ಬೋಲ್ಟುಗಳದೊಂದು ಸೈನ್ಯ ನಿಲ್ಲಿಸಿ ತನ್ನೊಡನೆ ತಾನೇ ಆಡುತ್ತಿದ್ದ. ಸಾಕಮ್ಮ ಸೀರೆ ಎತ್ತಿ ಹಿಡಿದು ಸೈನ್ಯ ದಾಟುತ್ತಿದ್ದಳು.

ಒಂದು ದಿನ ಕ್ಲಬ್ಬಿನ ಯಜಮಾನ ನಿಶ್ಚಲನನ್ನು ಕೇಳಿಯೇಬಿಟ್ಟನಂತೆ: “ಸಾ, ಗೋಡೆನೇ ಇಲ್ದೆ ಕೋಟೆ ಯುದ್ಧ ಹೆಂಗ್ ಆಡೀರಿ? ನಾನು ಮಾಡ್ಕೊಡ್ತೀನಿ. ಆದ್ರೆ ನಂಗೂ ಒಂದ್ಸಲ ಕೂತು ಆಡಕ್ಕೆ ಬುಡ್ಬೇಕು.”

“ಖಂಡಿತ ಬ್ರೋ. ಟೂರ್ನಮೆಂಟ್ ಲಿಸ್ಟಲ್ಲೇ ನಿನ್ ಹೆಸರು ಹಾಕ್ತೀನಿ. ಪ್ರಾಮಿಸ್.”

ಇದನ್ನು ಕೆಂಪರಾಜು ಸಾಕಮ್ಮನಿಗೆ ಎಷ್ಟು ಸಲ ಹೇಳಿದನೆಂದರೆ ನನಗೂ ಬಾಯಿಪಾಠವಾಯಿತು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಆ ಮೇಜಿನ ಮುಂದೆ ಒಂದು ಕುರ್ಚಿ.

ಅವನು ನನ್ನನ್ನು ತೊಳೆದ ರೀತಿ ಹೇಳಬೇಕು. ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಒಂದು ದಿನ ಮುಳುಗಿಸಿಟ್ಟ. ಸೋಪು ಹಾಕಿ ತೆಂಗಿನ ನಾರಿನಲ್ಲಿ ಮೂರು ಸಲ ಉಜ್ಜಿದ. ಮೂರು ದಿನ ಬಿಸಿಲಲ್ಲಿ ಒಣಗಿಸಿದ. ಅಷ್ಟು ಚೊಕ್ಕವಾಗಿ ತೊಳೆದ ಕೈಯನ್ನು ಆ ಕ್ಲಬ್ಬಿನಲ್ಲಿ ನಾನು ಒಂದೂ ಕಾಣಲಿಲ್ಲ. ಆಮೇಲೆ ಬ್ಲೇಡು ಕಾಯಿಸಿ ನನ್ನ ಕತ್ತು ಕೊಯ್ದ. ಸೊಟ್ಟ ಕೊಕ್ಕು ಹೋಯಿತು, ನನಗೆ ದುಃಖವಾಗಲಿಲ್ಲ. ಉಪ್ಪುಕಾಗದ ಹಾಕಿ ಮೈ ಒರಟು ಮಾಡಿದ, ಇಲ್ಲದಿದ್ದರೆ ನನ್ನಂಥ ನುಣುಪು ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲ. ಮೊಟ್ಟೆಯ ಸಿಪ್ಪೆ ಮುರಿದು ಒಂದೊಂದೇ ಚೂರು ಅಂಟಿಸಿ ಕಲ್ಲು ಕಟ್ಟಿದ. ಒಣಗಿದ ಕಾಫಿ ಚರಟ ಮಣ್ಣಾಯಿತು. ಪೊರಕೆಯ ತುದಿ ಒಣಹುಲ್ಲಾಯಿತು. ಮುರಿದ ಬಾಚಣಿಗೆ ಬೇಲಿಯಾಯಿತು. ಆಟದ ಲಾರಿಯ ಚಕ್ರ, ಗೊಂಬೆಯ ಮಂಚದ ಕಾಲು, ಪ್ಲಾಸ್ಟಿಕ್ ಮೊಸಳೆಯ ಬೆನ್ನು, ಯಾವುದನ್ನೂ ಬಿಡಲಿಲ್ಲ. ಮೊಸಳೆಯ ಬೆನ್ನು ಬಂಡೆಸಾಲಾಯಿತು. ನಾನು ಬೋರಲಾಗಿ ಅವೆಲ್ಲದರ ನಡುವೆ ಕೂತೆ. ಅಗಲ ಬುಡ, ಮೇಲೆ ಹೋದಂತೆ ಕಿರಿದು. ನಿಜವಾಗಿ ಕೊತ್ತಲ, ಕೋಟೆಯ ಬುರುಜು!

ಕೊನೆಗೆ ನನ್ನ ಹಿಂಬದಿಯಲ್ಲಿ, ಬಾಲದ ಕೆಳಗೆ, ಒಬ್ಬ ಸೈನಿಕ ಮಾತ್ರ ನುಸುಳುವಷ್ಟು ಒಂದು ಕಂಡಿ ಕೊರೆದ.

“ಅದೇನ್ಲಾ, ಇಲಿ ಬಿಲವಾ?” ಎಂದಳು ಸಾಕಮ್ಮ.

“ದಿಡ್ಡಿ ಕನ್ ಚಿಕ್ಕವ್ವ. ಪಟ್ಣದ ಕೋಟೆ ತಾವ ಆಡು ಮೇಯಿಸ್ತಿದ್ವಲ್ಲ, ಅಲ್ಲಿ ಹಿಂಗೇ ಇತ್ತು. ಹೆಬ್ಬಾಗ್ಲಲ್ಲಿ ಆನೆ ಬರ್ತಿತ್ತಂತೆ. ನಮ್ ಆಡು ಇದ್ರಲ್ಲೇ ನುಗ್ತಿದ್ವು.”

ಒಂದೇ ಒಂದು ಕೆಲಸ ಅವನು ಮಾಡಲಿಲ್ಲ. ನನ್ನ ಒಳಗಿನ ಉಬ್ಬಕ್ಷರ ಉಜ್ಜಿ ಅಳಿಸಲಿಲ್ಲ. ತಲೆಕೆಳಗು ಮಾಡಿ ನೋಡುವುದು ಗುಜರಿಯವರ ಚಾಳಿ, ಕೋಟೆಯನ್ನು ಯಾರು ಎತ್ತಿ ನೋಡುತ್ತಾರೆ ಅಂದುಕೊಂಡ.

ಟೂರ್ನಮೆಂಟಿನ ಬೆಳಗ್ಗೆ ಕೆಂಪರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋಟೆ ಹೊತ್ತು ಕಾಫಿ ಅಂಗಡಿಗೆ ಬಂದ. ಗೋಡೆಯ ಮೇಲೆ ಹನ್ನೆರಡು ಹೆಸರಿನ ಪಟ್ಟಿ. ಹನ್ನೆರಡನೆಯದು ಕೆಂಪರಾಜು. ಬೇರೆಯವರು ತಮ್ಮ ಹೆಸರು ನೋಡಿ ಕಾಫಿಗೆ ಹೋದರು. ಇವನು ಅಲ್ಲೇ ನಿಂತ. ಜೇಬಿಂದ ಕೈ ತೆಗೆದು, ಪುನಃ ಜೇಬಿಗೆ ಹಾಕಿಕೊಂಡ.

ಬೆಂಗಳೂರಿನಿಂದ ತೀರ್ಪುಗಾರ ಬಂದಿದ್ದ, ಅರವಿಂದಾಕ್ಷ ಅಂತ. ಎಷ್ಟೋ ವರ್ಷ ಆಡಿದ ಮನುಷ್ಯ. ಮೇಜಿನ ಸುತ್ತ ಎರಡು ಸಲ ತಿರುಗಿದ. ಬಗ್ಗಿ ನನ್ನ ಹಿಂಬದಿ ನೋಡಿದ.

“ಅಬ್ಬಾ, ದಿಡ್ಡಿ ಬಾಗಿಲು ಕೂಡ ಇಟ್ಟಿದ್ದೀರ! ಇಷ್ಟು ಚೆಂದದ ಕೋಟೆ ನಾನು ಬೆಂಗಳೂರಲ್ಲೂ ನೋಡಿಲ್ಲ. ಯಾರು ಮಾಡಿದ್ದು ಇದು?”

“ನಮ್ ಟೀಮೇ ಸರ್,” ಎಂದ ನಿಶ್ಚಲ್. “ಕಾನ್ಸೆಪ್ಟ್ ನಂದು.”

ಕೆಂಪರಾಜು ಎರಡು ಮಾರು ದೂರದಲ್ಲೇ ಇದ್ದ. ಬಾಯಿ ತೆರೆದ. ಪಟ್ಟಿಯ ಕಡೆ ನೋಡಿ ಮುಚ್ಚಿಕೊಂಡ. ಕುರ್ಚಿ ಸಿಗುವುದಿದೆ, ಇವತ್ತು ಜಗಳ ಯಾಕೆ ಅಂದುಕೊಂಡಿರಬೇಕು.

ಅರವಿಂದಾಕ್ಷ ನಿಜವಾದ ಕುತೂಹಲದಿಂದಲೇ ನನ್ನನ್ನು ಎತ್ತಿದ. ತಿರುಗಿಸಿದ. ಒಳಗೆ ನಗುವ ಮಗು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿಬಿಟ್ಟ: “ಬೇಬಿ... ಪಾಟಿ?”

ಅಂಗಡಿಯ ತುಂಬ ನಗೆ. ಯಾರೋ “ಥೂ! ನಾನು ಈಗಷ್ಟೇ ಮುಟ್ಟಿ ಸಮೋಸಾ ತಿಂದೆ ಕಣೋ!” ಎಂದು ಕಿರುಚಿದ. ಇನ್ನೊಬ್ಬ “ನಮ್ ರಾಜಧಾನಿಗೆ ಫ್ಲಶ್ ಇದೆಯಾ ಗುರೂ?” ಎಂದ. ಸ್ಯಾನಿಟೈಸರ್ ಬಾಟಲಿ ಕೈಯಿಂದ ಕೈಗೆ ಓಡಿತು. ಅರವಿಂದಾಕ್ಷನಿಗೆ ಕಸಿವಿಸಿಯಾಯಿತು. “ಇರಲಿ ಬಿಡ್ರಪ್ಪಾ, ಇದರಲ್ಲೇನಿದೆ” ಎಂದ. ಕೇಳುವವರು ಯಾರು?

ನಿಶ್ಚಲನ ಮುಖ ಕೆಂಪಾಗಿತ್ತು. “ಅಯ್ಯೋ ಸರ್, ಇದು ನಾವು ಮಾಡಿದ್ದಲ್ಲ. ನಮ್ ಗುಜರಿಯವನು ತಂದ್ಕೊಟ್ಟಿದ್ದು. ಅವ್ನಿಗೆ ಹೇಳಿದ್ದೆ, ನೀಟಾಗಿರೋದು ತಗೋ ಅಂತ.”

ನೋಡಿದಿರಾ? ಹೊಗಳಿಕೆ ಬಂದಾಗ ಟೀಮು. ಪಾಟಿ ಅಂದಾಗ ಗುಜರಿಯವನು. ನನ್ನೊಳಗೆ ಏನೇನೋ ಬಿದ್ದಿದೆ. ಇಷ್ಟು ನಾತ ಯಾವುದೂ ಬಡಿದಿರಲಿಲ್ಲ.

ಕೆಂಪರಾಜು ಮುಂದೆ ಬಂದ. “ಸಾ, ಬ್ಲೀಚಿಂಗ್ ಹಾಕಿ ತೊಳ್ದಿದ್ದೀನಿ. ಮೂರ್ ದಿನ ಬಿಸ್ಲಲ್ ಮಡಗಿದ್ದೆ.”

“ಪ್ರಶ್ನೆ ಅದಲ್ಲ ಬ್ರೋ,” ನಿಶ್ಚಲ್ ದನಿ ತಗ್ಗಿಸಿದ. ಆದರೆ ಎಲ್ಲರಿಗೂ ಕೇಳಿಸುವಷ್ಟು ಇತ್ತು. “ಎಲ್ರಿಗೂ ಒಂಥರಾ ಆಗಿದೆ. ಇವತ್ತೊಂದಿನ ನೀನು ಆಡೋದು ಬೇಡ. ಸ್ಕೋರ್ ಬರ್ಕೋ, ಸಾಕು.” ಹನ್ನೆರಡನೆಯ ಹೆಸರಿನ ಮೇಲೆ ಗೆರೆ ಎಳೆದ. ಆಟಗಾರರ ಜೋಡಿ ಸರಿಹೋಗಲೆಂದು ಆ ಜಾಗದಲ್ಲಿ ತಾನೇ ಕೂತ.

ಮಜಾ ಕೇಳಿ. ಅಷ್ಟು ಅಸಹ್ಯಪಟ್ಟವರು ನನ್ನನ್ನು ಮೇಜಿನಿಂದ ತೆಗೆದರೇ? ಇಲ್ಲ. ತೆಗೆದರೆ ಕೋಟೆ ಎಲ್ಲಿ? ಟಿಶ್ಯೂ ಕಾಗದದಲ್ಲಿ ಹಿಡಿದು ಅಲ್ಲೇ ಬೋರಲು ಹಾಕಿದರು. ಸಂಜೆಯವರೆಗೆ ನನ್ನ ನೆತ್ತಿಯ ಮೇಲೆ ಸೈನಿಕರನ್ನು ನಿಲ್ಲಿಸಿ ಯುದ್ಧ ಮಾಡಿದರು. ಗೆದ್ದವನು ನನ್ನ ಪಕ್ಕ ಕೂತು ಫೋಟೋ ತೆಗೆಸಿಕೊಂಡ. ಕೆಂಪರಾಜು ಗೋಡೆಗೆ ಒರಗಿ ನಿಂತು ಎಲ್ಲರ ಸ್ಕೋರನ್ನೂ ತಪ್ಪಿಲ್ಲದೆ ಬರೆದ. ಅಕ್ಷರ ದುಂಡಗಿತ್ತು. ಅದನ್ನು ನೋಡಿಯೇ ನನಗೆ ಅವನ ಮೇಲೂ ಸಿಟ್ಟು ಬಂತು. ಆ ಹಾಳೆ ಹರಿದು ಅವರ ಮುಖಕ್ಕೆ ಎಸೆಯಬಾರದಿತ್ತೇ?

ಆಮೇಲೆ ನನ್ನನ್ನು ಕೈತೊಳೆಯುವ ತೊಟ್ಟಿಯ ಕೆಳಗಿಟ್ಟರು. ಭಾನುವಾರ ಬಂದರೆ ಹೊರಗೆ, ಹೊಸಬರು ಬಂದರೆ ಒಳಗೆ. ಪೈಪಿನ ನೀರು ತೊಟ್ಟಿಕ್ಕಿ ಮೊಟ್ಟೆ ಸಿಪ್ಪೆ ಉದುರಿತು. ಬಣ್ಣ ಎದ್ದು ಒಳಗಿನ ಹಳದಿ ಕಾಣತೊಡಗಿತು. ಚರಟಕ್ಕೆ ಬೂಷ್ಟು ಹಿಡಿಯಿತು. ನಾಲ್ಕು ತಿಂಗಳಿಗೆ ನಾನು ಮುದಿಯಾದೆ. ಒಂದು ಭಾನುವಾರ ಬೆಳಗ್ಗೆ ರಟ್ಟಿನ ಪೆಟ್ಟಿಗೆಗಳ ಜೊತೆ ನನ್ನನ್ನೂ ಬಾಗಿಲ ಬಳಿ ಎಸೆದರು.

ಒಯ್ಯಲು ಬಂದವನು ಕೆಂಪರಾಜು. ಬೇರೆ ಗುಜರಿ ಹತ್ತಿರದಲ್ಲಿಲ್ಲ, ಅವನು ಬರಲೇಬೇಕು. ನನ್ನನ್ನು ಕಂಡ. ತಲೆಕೆಳಗು ಮಾಡಿದ, ಗೆಣ್ಣಿನಿಂದ ಒಮ್ಮೆ ತಟ್ಟಿದ, ಚೀಲಕ್ಕೆ ಹಾಕಿಕೊಂಡ.

ಒಳಗೆ ಆಟಕ್ಕೆ ಒಬ್ಬ ಕಡಿಮೆಯಾಗಿದ್ದ. ನಿಶ್ಚಲ್ ಬಾಗಿಲಿಗೆ ಬಂದ.

“ಓ, ಕೆಂಪರಾಜು! ಒಳ್ಳೇ ಟೈಮಿಗೆ ಬಂದೆ ಬ್ರೋ. ಒಬ್ಬ ಕೈ ಕೊಟ್ಟಿದ್ದಾನೆ, ಬಾ ಕೂತ್ಕೋ. ನಿಂಗೆ ರೂಲ್ಸ್ ಎಲ್ಲ ಬರತ್ತಲ್ಲ?”

ಮೇಜಿನ ಸುತ್ತ ಇದ್ದವರು ತಿರುಗಿ ನೋಡಿದರು. ಒಂದು ಕುರ್ಚಿ ನಿಜಕ್ಕೂ ಖಾಲಿ ಇತ್ತು. ಅದರ ಮುಂದೆ ಜೋಡಿಸಿಟ್ಟ ಸೈನ್ಯ, ದಾಳ. ಚೀಲದ ಬಾಯಿಂದ ನನಗೆ ಕೆಂಪರಾಜುವಿನ ಗದ್ದ, ಕೈ, ಆಚೆಗೆ ಮೇಜು ಕಾಣುತ್ತಿತ್ತು. ಅವನು ಮೇಜು ನೋಡಿದ. ಎಡಗಡೆಯ ಸಾಲು ಬಯಲಿಗೆ ಬಿದ್ದಿತ್ತು. ಯಾವ ಸೈನಿಕನನ್ನು ಎಲ್ಲಿಗೆ ಸರಿಸಬೇಕು ಅನ್ನುವುದು ಅವನಿಗೆ ಹೊಳೆದಿತ್ತು, ಹೆಬ್ಬೆರಳು ತಾನಾಗಿ ತೋರುಬೆರಳಿನ ಮೇಲೆ ದೂರ ಅಳೆಯುತ್ತಿತ್ತು.

“ಹಂಗೇ ಹೊಸ ಕೋಟೆ ಬಗ್ಗೆನೂ ಮಾತಾಡಣ,” ಎಂದ ನಿಶ್ಚಲ್. “ಈ ಸಲ ಸ್ವಲ್ಪ ಡೀಸೆಂಟಾಗಿರೋ ಐಟಮ್ ಹಾಕಿ ಮಾಡು, ಆಯ್ತಾ?”

ಬೆರಳು ನಿಂತಿತು.

ಆತ್ಮಕಥೆ ಹೇಳುವ ಸಾಮಾನುಗಳೆಲ್ಲ ಕೊನೆಗೆ, ನಾನು ಇನ್ನೊಬ್ಬರಿಗೆ ಉಪಯೋಗವಾದೆ, ಅದೇ ತೃಪ್ತಿ ಅನ್ನುತ್ತವೆ. ನನಗೆ ಆ ತೃಪ್ತಿ ಬೇಡ. ಉಪಯೋಗಕ್ಕೆ ಎಲ್ಲರೂ ಬಂದರು. ಕೂತರು, ಎದ್ದರು, ಮೂಗು ಮುಚ್ಚಿದರು. ನನ್ನನ್ನು ನಾಳೆ ಪುಡಿ ಮಾಡಿ ಕರಗಿಸಿದರೂ ಸರಿಯೇ. ಆದರೆ ಒಂದೇ ಒಂದು ಸಲ, ಒಬ್ಬ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ನಾನು ಏನಾಗಬಲ್ಲೆ ಎಂದು ನೋಡಿದ. ಅದೊಂದನ್ನು ಯಾವ ಸ್ಯಾನಿಟೈಸರೂ ಒರೆಸಲಾರದು.

ಕೆಂಪರಾಜು ಚೀಲದ ಬಾಯಿಗೆ ಹುರಿ ಸುತ್ತಿದ. ನನಗೆ ಕತ್ತಲಾಯಿತು. ಚೀಲ ಹೆಗಲೇರಿತು.

“ಏ, ಕೆಂಪರಾಜು? ಹಲೋ! ಕುರ್ಚಿ ಕೊಡ್ತೀನಿ ಅಂದ್ರೆ ಎಲ್ ಹೋಗ್ತಿದ್ದೀಯಾ?”

ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯತೊಡಗಿತು. ಮೇಲಿನಿಂದ ಇನ್ನೆರಡು ಸಲ ಹೆಸರು ಕೂಗಿದ್ದು ಕೇಳಿಸಿತು. ಸದ್ದು ಒಂದು ಮೆಟ್ಟಿಲಿನಲ್ಲೂ ತಡೆಯಲಿಲ್ಲ. ಆಮೇಲೆ ಕಾಲ ಕೆಳಗೆ ರಸ್ತೆ ಬಂತು.