ಕೆಂಚಿಯ ಬಾಯಿ

ಬ್ಯಾಂಡ್‌ಸೆಟ್ಟಿನ ಸೋಮಪ್ಪ ಕಡಿವಾಣ ಹಿಡಿದು ಕುದುರೆಯ ಹತ್ತಿರ ಹೋದದ್ದೇ ತಡ, ಕೆಂಚಿ ಅವನ ಮುಂಗೈ ಕಚ್ಚಿಬಿಟ್ಟಿತು. ಅವನು ಹಿಂದಕ್ಕೆ ಹಾರಿದ. ಕಡಿವಾಣದ ಕಬ್ಬಿಣ ಶೆಡ್ಡಿನ ನೆಲಕ್ಕೆ ಠಣ್ಣನೆ ಬಿತ್ತು. ಹೊರಗೆ ಬೆಂಕಿಗೆ ತಮಟೆ ಕಾಯಿಸುತ್ತಿದ್ದರು. ಜಿಗಣಿ ರಸ್ತೆಯ ಛತ್ರದಲ್ಲಿ ಹೆಣ್ಣಿನ ಕಡೆಯವರು ಬಂದು ಕೂತಾಗಿತ್ತು. ಮದುವೆ ಗಂಡು ಚಿರಂಜೀವಿ ಶೇರ್ವಾನಿ ತೊಟ್ಟು, ಕುದುರೆ ಏರಲು ತುದಿಗಾಲಲ್ಲಿ ನಿಂತಿದ್ದ.

"ಕಬ್ಬಿಣ ಬೇಡ ಅಂತ ಮೊದ್ಲೇ ಹೇಳಿದ್ನಲ್ಲ," ಎಂದಳು ಅವನ ತಂಗಿ ಕೃಪಾ. "ಮೂಗಿನ ಮೇಲೆ ಹಗ್ಗ ಇದ್ರೆ ಸಾಕು. ನಾನು ಹಿಡ್ಕೊಂಡು ಮುಂದೆ ನಡೀತೀನಿ, ನನ್ನ ಹಿಂದೇನೇ ಬರತ್ತೆ."

"ಮದ್ವೆ ಗಂಡನ್ನ ತಂಗಿ ಹಗ್ಗ ಕಟ್ಟಿ ಎಳ್ಕೊಂಡ್ ಬಂದ್ಲು ಅಂತ ಜನ ನಗ್ಬೇಕಾ?" ಎಂದ ಚಿರಂಜೀವಿ. ಅವನಿಗೆ ಕುದುರೆಯೆಂದರೆ ಫೋಟೋದಲ್ಲಿ ತನ್ನ ಕಾಲ ಕೆಳಗಿರಬೇಕಾದ ವಸ್ತು, ಅಷ್ಟೆ.

ಮುಚ್ಚಿಹೋದ ಒಂದು ರೈಡಿಂಗ್ ಸ್ಕೂಲಿನಿಂದ ಕೃಪಾ ಕೆಂಚಿಯನ್ನು ತಂದಾಗ ಅದರ ತುಟಿಯ ಮೂಲೆಗಳು ಹರಿದಿದ್ದವು. ಇನ್ನು ಬಾಯಿಗೆ ಕಬ್ಬಿಣ ಮುಟ್ಟಿಸುವುದಿಲ್ಲವೆಂದು ಅದರ ಕತ್ತು ತಬ್ಬಿ ಹೇಳಿದ್ದಳು, ಹಾಗೇ ನಡೆದುಕೊಂಡೂ ಇದ್ದಳು. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಿಂದ ಬಂದವಳೇ ಬರೀ ಹಗ್ಗ ಸುತ್ತಿ ಏರುವಳು. ಕಾಲು ಒತ್ತಿದರೆ ಅದು ಕೆರೆ ಏರಿಯ ಮೇಲೆ ಓಡುತ್ತಿತ್ತು, ಮೈ ಹಿಂದಕ್ಕೆ ಹಾಕಿದರೆ ನಿಲ್ಲುತ್ತಿತ್ತು. ಆ ಮನೆಯಲ್ಲಿ ಅವಳ ಮಾತು ಕೇಳುವ ಜೀವ ಅದೊಂದೇ.

ಹೊಲವನ್ನೆಲ್ಲ ಬಾಡಿಗೆ ಮನೆ ಮಾಡಿದ್ದ ಅಪ್ಪ ಬೈರಪ್ಪನಿಗೆ ಈ ಶೆಡ್ಡು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತಿತ್ತು. ಅವನು ಮಗಳನ್ನು ಪಕ್ಕಕ್ಕೆ ಕರೆದ.

"ನೀನ್ ಆಕಿದ್ರೆ ಆಕುಸ್ಕೊಂತದೆ. ಇವತ್ತೊಂದಿನ ಆಕವ್ವ. ಇಲ್ಲಾಂದ್ರೆ ನಾಳೆನೇ ಇದನ್ನ ಮಾರಿ ಇಲ್ಲಿ ಪೀಜಿ ಕಟ್ಟುಸ್ತೀನಿ."

"ಹಾಕಿದ್ರೆ ಮಾರಲ್ಲ ತಾನೇ?"

"ನಿನ್ನಾಣೆಗೂ ಮಾರಲ್ಲ."

ಕೃಪಾ ಕಬ್ಬಿಣವನ್ನು ತೊಳೆದು, ದುಪಟ್ಟಾದಲ್ಲಿ ಒರೆಸಿ, ಅಂಗೈಯಲ್ಲಿ ಬೆಚ್ಚಗೆ ಮಾಡಿದಳು. ಕೆಂಚಿ ಅವಳ ಕೈ ಮೂಸಿತು. ಅವಳ ಕೈ ಎಂದೇ ಬಾಯಿ ಬಿಟ್ಟಿತು. ನಾಲಿಗೆಗೆ ಕಬ್ಬಿಣ ತಾಗಿದಾಗ ಅದರ ಮೈ ನಡುಗಿತು, ತಲೆ ಮಾತ್ರ ಅಲುಗಲಿಲ್ಲ. ಕೃಪಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನನ್ನನ್ನೂ ಕಚ್ಚಬಾರದಿತ್ತೇ ಅನ್ನಿಸಿತು.

ಮೆರವಣಿಗೆಯಲ್ಲಿ ಪಟಾಕಿ ಸಿಡಿದಾಗಲೆಲ್ಲ ಚಿರಂಜೀವಿ ಹೆದರಿ ಲಗಾಮು ಜಗ್ಗಿದ. ಕುದುರೆ ಬೆದರಲಿಲ್ಲ, ಬೆದರಿದ್ದು ಮೇಲಿದ್ದವನು. ಕೃಪಾ ಹೆಂಗಸರ ನಡುವೆ ಆರತಿ ತಟ್ಟೆ ಹಿಡಿದು ನಡೆಯಬೇಕಾಗಿತ್ತು. ಛತ್ರ ಮುಟ್ಟುವ ಹೊತ್ತಿಗೆ ಕೆಂಚಿಯ ಬಾಯಿಯ ನೊರೆ ಕೆಂಪಾಗಿತ್ತು. ಯಾರೋ ಅದನ್ನು ಕುಂಕುಮವೆಂದುಕೊಂಡರು.

ಬೀಗರ ಊಟ ಮುಗಿದ ಮರುದಿನ ಸೋಮಪ್ಪ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದ. "ಈಗ ಕಡಿವಾಣಕ್ಕೆ ಒಗ್ಗೈತೆ ಯಜಮಾನ್ರೇ. ನಮ್ಗೇ ಕೊಟ್ಬುಡಿ." ಬೈರಪ್ಪ ಆಗಲೇ ಒಪ್ಪಿದ್ದ.

"ಆಣೆ ಮಾಡಿದ್ಯಲ್ಲಪ್ಪ," ಎಂದಳು ಕೃಪಾ.

"ಅವತ್ತು ಮದ್ವೆ ಅವಸ್ರ ಕಣವ್ವ," ಎಂದು ಬೈರಪ್ಪ ಫೋನು ನೋಡತೊಡಗಿದ.

ಅವಳು ನೆನೆಸಿದ ಹುರುಳಿಯನ್ನು ಬೊಗಸೆ ತುಂಬ ಹಿಡಿದು ಶೆಡ್ಡಿಗೆ ಹೋದಳು. ಕೆಂಚಿಯ ತುಟಿಯ ಮೂಲೆಯಲ್ಲಿ ಗಾಯ ಕಪ್ಪಗೆ ಕಟ್ಟಿಕೊಂಡಿತ್ತು. "ಬಾ, ತಿನ್ನು," ಎಂದು ಕೈ ಚಾಚಿದಳು. ಕುದುರೆ ಹುರುಳಿಯ ಕಡೆ ನೋಡಲಿಲ್ಲ. ಅವಳ ಕೈ ಹತ್ತಿರ ಬಂದದ್ದನ್ನು ಕಂಡು ತಲೆ ತಗ್ಗಿಸಿ, ಬಾಯಿ ತೆರೆದುಕೊಂಡು ನಿಂತಿತು.