ಲೋಕಾಪುರದಲ್ಲಿ ನಿಂತ ಬಸ್ಸು

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತಾವಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ನನ್ನ ತಂಗಿ ಕಸ್ತೂರಿಯನ್ನು ಸಾಂಗಲಿಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು. ಅಪ್ಪ ಇರುವತನಕ ಅಪ್ಪ ಹೋಗುತ್ತಿದ್ದ, ಆಮೇಲೆ ನಾನು. ಇಳಕಲ್ಲಿನಿಂದ ಅಲ್ಲಿಗೆ ಬಸ್ಸು ಬದಲಿಸುತ್ತ ಹೋದರೆ ಒಂದು ದಿನದ ದಾರಿ.

ಆ ವರ್ಷ ಹಬ್ಬದ ಹೊತ್ತಿಗೆ ನನ್ನ ಮಗ್ಗದ ಮೇಲೆ ಒಂದು ಸೀರೆ ನಿಂತಿತ್ತು. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿಯಾಗಿತ್ತು, ಸೆರಗು ನೇಯುವುದು ಬಾಕಿ. ಮಗಳು ಪ್ರಿಯದರ್ಶಿನಿಯ ಕಾಲೇಜು ಶುರುವಾಗಿತ್ತು. ಬಿಡುವು ಅನ್ನುವುದನ್ನೇ ಮರೆತ ದಿನಗಳು. ಅಂಥದರಲ್ಲಿ ಶುಕ್ರವಾರ ಕಸ್ತೂರಿಯ ಫೋನು ಬಂತು.

“ಅಣ್ಣಾ, ಯಾವಾಗ ಬರ್ತಿ?”

“ಈ ವರ್ಷ ನೀನ ಬಸ್ ಹತ್ತಿ ಬಂದ್ಬಿಡು ತಂಗೆವ್ವ. ಈಗೆಲ್ಲಾರೂ ಹಂಗ ಬರ್ತಾರ.”

“ನಾ ಏನ ಪಾರ್ಸಲ್ಲೇನ, ಬಸ್ಸಿಗೆ ಹಾಕಿ ಕಳಸಾಕ? ಮ್ಯಾಲಿನ ಮನಿ ಅಮೀನಬಿ ದಿನಾ ಕೇಳ್ತಾಳ, ನಿಮ್ಮಣ್ಣ ಎಲ್ಲಿ ಅಂತ. ಏನ್ ಹೇಳ್ಲಿ?”

ಅಮೀನಬಿ ಆ ಮನೆಯ ಮಾಲಕಿ, ಹುನಗುಂದದಲ್ಲಿ ಹುಟ್ಟಿದವಳು. ಕೆಳಗಿನ ಎರಡು ಖೋಲಿ ಕಸ್ತೂರಿಗೆ ಬಾಡಿಗೆಗೆ ಕೊಟ್ಟಿದ್ದಳು. ಕಸ್ತೂರಿಯ ಗಂಡ ಲಾರಿ ಚಾಲಕ, ಮನೆಯಲ್ಲಿ ಇದ್ದುದಕ್ಕಿಂತ ಇಲ್ಲದ್ದೇ ಹೆಚ್ಚು. ಹಾಗಾಗಿ ನನ್ನ ತಂಗಿಗೆ ಆ ಊರಿನಲ್ಲಿ ಅಮ್ಮ, ಅತ್ತೆ, ಗೆಳತಿ ಎಲ್ಲ ಆ ಮುದುಕಿಯೇ.

“ಸೋಮವಾರ ಹಬ್ಬದ ದಿನಾನ ಬರ್ತೇನಿ” ಅಂದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಫೋನು. ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ.

“ಎಲ್ಲಿ ಬಂದಿ ಅಣ್ಣಾ?”

“ಹೊಂಟೇನಿ. ಬಾಗಲಕೋಟಿ ದಾಟೇನಿ.”

ಇದು ಎಲ್ಲರೂ ಆಡುವ ಮಾತು. ಸ್ನಾನಕ್ಕೆ ನೀರು ಕಾಯಿಸುತ್ತಿರುವವನೂ ದಾರಿಯಲ್ಲಿದ್ದೇನೆ ಅನ್ನುತ್ತಾನೆ. ಮಧ್ಯಾಹ್ನದೊಳಗೆ ಸೆರಗು ಮುಗಿಸಿ ಸಿಕ್ಕ ಬಸ್ಸು ಹಿಡಿದರಾಯಿತು, ತಡವಾದ ತಪ್ಪನ್ನು ಬಸ್ಸಿನ ಮೇಲೆ ಹಾಕಿದರಾಯಿತು ಅಂದುಕೊಂಡಿದ್ದೆ. ಹೆಂಡತಿ ಸಾವಂತ್ರವ್ವ ಚಹಾ ಹಿಡಿದು ನಿಂತಿದ್ದಳು.

“ಬಾಗಲಕೋಟಿ ದಾಟಿದವರಿಗೆ ಚಾ ಇಲ್ಲೇ ಕೊಡ್ಲೋ, ಲೋಕಾಪುರಕ್ಕ ಕಳಸ್ಲೋ?”

“ಇಡ ಅಲ್ಲಿ. ತಲಿ ತಿನಬ್ಯಾಡ.”

ಮಧ್ಯಾಹ್ನ ಹಬ್ಬದ ಊಟ ಉಂಡು, ಸ್ವಲ್ಪ ಬೆನ್ನು ನೆಲಕ್ಕೆ ಹಚ್ಚಿ ಏಳೋಣವೆಂದು ಅಡ್ಡಾದೆ. ಎಚ್ಚರವಾದಾಗ ಐದು ದಾಟಿತ್ತು. ಸೆರಗು ಹಾಗೇ ಇತ್ತು. ನಾಳೆ ಹೋದರಾಯಿತು ಅನ್ನಿಸಿತು. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಇದ್ದಿದ್ದರೆ ಇವತ್ತು ಮನಸ್ಸಿಗೆ ಅದನ್ನಾದರೂ ಹೇಳಿಕೊಳ್ಳುತ್ತಿದ್ದೆ.

ಆರಕ್ಕೆ ಕಸ್ತೂರಿಯೇ ಫೋನು ಮಾಡಿದಳು. “ಅಣ್ಣಾ, ಇಲ್ಲಿ ಹೊಳಿ ಭಾಳ ಏರೇತಂತ. ಓಣಿ ಮಂದಿ ಖಾಲಿ ಮಾಡಾಕತ್ತಾರ. ನೀ ಎಲ್ಲಿದಿ?”

ನಾಲಿಗೆ ತಾನಾಗಿ ಹೊರಳಿತು. “ಲೋಕಾಪುರದಾಗ ಬಸ್ ನಿಂತೈತಿ. ಮುಂದ ಘಟಪ್ರಭಾದ ನೀರಂತ. ಬಿಟ್ಟ ಕೂಡ್ಲೇ ಬರ್ತೇನಿ.”

“ಅಯ್ಯ ಶಿವನ! ಉಂಡಿಯೇನು?”

“ಉಂಡೇನಿ.” ಅದೊಂದು ಮಾತ್ರ ಖರೆ ಇತ್ತು.

ಮಂಗಳವಾರ ನಸುಕಿನಲ್ಲೇ ಬಸ್ ನಿಲ್ದಾಣಕ್ಕೆ ಹೋದೆ. ಆ ದಾರಿಯ ಬಸ್ಸು ಬಿಟ್ಟಿರಲಿಲ್ಲ. ಕಂಟ್ರೋಲರ್ ತಲೆ ಎತ್ತದೆ ಹೇಳಿದ: “ಮುಧೋಳ ಕಡೆ ಹೊಳಿ ದಾರಿಗೆ ಬಂದೇತ್ರಿ. ಈಸಾಕ ಬರ್ತಿದ್ರ ಹೋಗ್ರಿ.” ಮನೆಗೆ ಬಂದರೆ ಟಿವಿಯಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಕಡೆ ಏರುತ್ತಿರುವುದನ್ನು ತೋರಿಸುತ್ತಿದ್ದರು. ಪ್ರಿಯದರ್ಶಿನಿ ಮೊಬೈಲು ಮುಂದೆ ಹಿಡಿದಳು. ಅಂಗಡಿಗಳ ಬೋರ್ಡು ಮಾತ್ರ ಕಾಣುವ ಒಂದು ಬೀದಿ, ನಡುವೆ ದೋಣಿ.

“ಅಪ್ಪಾ, ಇದ ಅತ್ತಿ ಓಣಿ ಬಾಜೂಕಿಂದ. ಆ ಔಷಧ ಅಂಗಡಿ ನೋಡು.”

ಕಸ್ತೂರಿ ಹತ್ತು ಗಂಟೆಗೆ ಫೋನಿಗೆ ಸಿಕ್ಕಳು. ಅಮೀನಬಿಯ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳಂತೆ. ತನ್ನ ಖೋಲಿಗಳಲ್ಲಿ ಕಿಟಕಿಯತನಕ ನೀರು.

“ನಿನ್ನಿ ಸಂಜಿಕ ಅಮೀನಬಿ ಮಗ ಅಫ್ಜಲ ಟೆಂಪೋ ತಂದಿದ್ದ, ಮಿರಜಕ್ಕ ಬರ್ರಿ ಅಂತ. ಅಣ್ಣ ದಾರ್ಯಾಗ ಅದಾನ, ಬಂದು ಬಾಗಲಾ ಬಡದ್ರ ಯಾರದಾರ ಅಂದೆ. ಅಮೀನಬಿನೂ ನನ್ನ ಒಬ್ಬಾಕಿನ್ನ ಬಿಡಂಗಿಲ್ಲ ಅಂತ ಉಳದ್ಲು.”

ಆಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆನೋ ಇಲ್ಲವೋ, ಅವಳೇ ಮಾತು ಮುಂದುವರಿಸಿದಳು.

“ನನ್ನ ಚಿಂತಿ ಬಿಡು, ನಾವು ಮ್ಯಾಲ ಅದೇವಿ. ನೀ ಆ ಬಸ್ಸಿನ್ಯಾಗ ಹೆಂಗದಿ? ಹೊಳಿ ದಾಟಾಕ ಹೋಗಬ್ಯಾಡ, ನನ್ನ ಮ್ಯಾಲ ಆಣಿ. ಫೋನಿನ್ಯಾಗ ಚಾರ್ಜ್ ಇಲ್ಲ, ನಿನ್ನ ಸುದ್ದಿ ಕೇಳ್ಬೇಕಂತ ಉಳಿಸಿಟ್ಟಿದ್ದೆ—”

ಮಾತು ಅಲ್ಲಿಗೇ ಕಡಿಯಿತು. ಉಳಿದಿದ್ದ ಚಾರ್ಜನ್ನೆಲ್ಲ ಅವಳು ನನ್ನ ಇಲ್ಲದ ಬಸ್ಸಿಗೆ ಖರ್ಚು ಮಾಡಿದ್ದಳು.

ಮೂರು ದಿನ ಸುದ್ದಿ ಇಲ್ಲ. ಪ್ರಿಯದರ್ಶಿನಿ ಸಾಂಗಲಿಯ ಗೊತ್ತಿಲ್ಲದ ಮಂದಿಗೆಲ್ಲ ಸಂದೇಶ ಕಳಿಸಿದಳು, ಸಿಕ್ಕ ಸಹಾಯವಾಣಿಗಳಿಗೆಲ್ಲ ಕರೆ ಮಾಡಿದಳು. ನಾನು ಟಿವಿಯ ಮುಂದೆ ಕೂತು, ದೋಣಿಯಿಂದ ಇಳಿಯುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಸಾವಂತ್ರವ್ವ ಚಹಾ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನ ಯಾರದೋ ಫೋನಿನಿಂದ ಕಸ್ತೂರಿ ಮಾತಾಡಿದಳು. ಮಿಲಿಟರಿಯವರ ದೋಣಿ ಬಂತಂತೆ. ಈಗ ಮಿರಜದ ಒಂದು ಶಾಲೆಯಲ್ಲಿದ್ದಾರಂತೆ. ಮೊದಲು ಕೇಳಿದ್ದು, “ನೀ ಮನಿ ಮುಟ್ಟಿದಿ?”

ದಾರಿ ತೆರೆದ ಮೇಲೆ ಹೋದೆ. ಅವಳು ಶಾಲೆಯಲ್ಲಿರಲಿಲ್ಲ, ದವಾಖಾನೆಯಲ್ಲಿದ್ದಳು. ಹಾಸಿಗೆಯ ಮೇಲೆ ಅಮೀನಬಿ. ಬಲಗಾಲು ಮೊಣಕಾಲ ಕೆಳಗೆ ಇರಲಿಲ್ಲ. ಸಕ್ಕರೆ ಕಾಯಿಲೆಯ ಮುದುಕಿ. ತುಕ್ಕು ಹಿಡಿದ ತಗಡು ಪಾದ ಸೀಳಿತ್ತು, ಹೊಲಸು ನೀರಿನಲ್ಲಿ ನಿಂತು ನಂಜೇರಿತ್ತು.

“ಬಾರಪಾ ದೇವಪ್ಪ,” ಅಂದಳು ಅಮೀನಬಿ. “ಅಂತೂ ನಿನ್ನ ಬಸ್ ಬಂತು. ನಾನ ನಿನ್ನಕಿಂತ ಲಗೂ ಕುಂಟಕೋತ ಇಳಕಲ್ಲಿಗೆ ಮುಟ್ಟತಿದ್ನಿ.”

ಕಸ್ತೂರಿ ಔಷಧಿ ತರಲು ಹೋದಾಗ ಕಾಲಿಗೆ ಹೇಗಾಯಿತೆಂದು ಕೇಳಿದೆ.

“ಮಂಗಳವಾರ ಮುಂಜಾನಿ ಇನ್ನೂ ಕತ್ತಲಿತ್ತು. ಕೆಳಗ ಬಾಗಲಾ ಬಡದಂಗಾತು. ಕಸ್ತೂರಿಗೆ ಆಗಷ್ಟ ನಿದ್ದಿ ಹತ್ತಿತ್ತು. ಅವರಣ್ಣ ಬಂದಾನಂತ ನಾನ ಇಳದ್ನಿ, ನೀರಾಗಿನ ತಗಡು ಕಾಲಿಗೆ ಹೊಕ್ತು. ನೋಡಿದ್ರ ನೀರಾಗ ಒಂದು ಖಾಲಿ ಬ್ಯಾರಲ್ ಬಾಗಲಾ ಬಡ್ಯಾಕತ್ತಿತ್ತು.” ಮುದುಕಿ ನಕ್ಕಳು.

ನಾನು ತಲೆ ಎತ್ತದೆ ಎಲ್ಲ ಹೇಳಿದೆ. ಮಗ್ಗ, ಸೆರಗು, ನಿದ್ದೆ, ಲೋಕಾಪುರ. ಅವಳ ನಗು ನಿಂತಿತು.

“ಆಕಿಗೆ ಹೇಳಬ್ಯಾಡ. ವಾರ್ಡಿನ ಮಂದಿಗೆಲ್ಲಾ ಸಾರ್ಯಾಳ, ನಮ್ಮಣ್ಣ ಹೊಳಿ ದಂಡಿತನಾ ಬಂದಿದ್ದ ಅಂತ. ಹೇಳಿದ್ರ ನೀ ಹಗೂರ ಆಗ್ತಿ. ಆಕಿ ಏನಾಗ್ಬೇಕು?”

ಸುಮ್ಮನಿರಲು ಒಪ್ಪಿದ್ದೆ. ಆದರೆ ಸಂಜೆ ದವಾಖಾನೆಯ ಮೆಟ್ಟಿಲಲ್ಲಿ ಕೂತು, ಊರಿಗೆ ನಡಿ ಅಂದಾಗ ಕಸ್ತೂರಿ ತಲೆ ಅಲ್ಲಾಡಿಸಿದಳು.

“ಅಮೀನಬಿ ಕಾಲ ಹೋಗಿದ್ದು ನನ್ನ ಹಟದಿಂದ ಅಣ್ಣಾ. ಟೆಂಪೋ ಹತ್ತಿದ್ರ ಮುಗೀತಿತ್ತು. ಅಫ್ಜಲ ಒಂದ ಮಾತ ಅಂದಿಲ್ಲ, ನನ್ನ ಮಾರಿನೂ ನೋಡವಲ್ಲ. ನಾ ಆಕಿನ್ನ ಬಿಟ್ಟು ಯಾವ ಮಾರಿ ಹೊತ್ತು ತವರಿಗೆ ಬರ್ಲಿ?”

ನನ್ನ ತಪ್ಪನ್ನು ಅವಳು ತನ್ನದೆಂದು ಹೊತ್ತು ಕೂತಿದ್ದಳು. ಅದನ್ನು ನೋಡುತ್ತ ಸುಮ್ಮನಿರುವುದು ಆಗಲಿಲ್ಲ.

“ನಾ ಬಂದಿದ್ದಿಲ್ಲ” ಅಂದೆ.

“ಎಲ್ಲಿಗೆ?”

“ಎಲ್ಲಿಗೂ. ಲೋಕಾಪುರಕ್ಕೂ ಬಂದಿದ್ದಿಲ್ಲ. ನೀ ಫೋನ್ ಮಾಡಿದಾಗೆಲ್ಲಾ ಮನ್ಯಾಗ ಇದ್ದೆ.”

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದಳು.

“ಅಫ್ಜಲಗ ನೀನ ಹೇಳು,” ಅಂದಳು. “ನಾ ಹೇಳಂಗಿಲ್ಲ.”

ಹೇಳಿದೆ. ಅವನು ಕೇಳಿ, ಕೈಯಲ್ಲಿದ್ದ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟು ಒಳಗೆ ಹೋದ. ಆಮೇಲೆ ಕಸ್ತೂರಿಯ ಜೊತೆ ಮೊದಲಿನಂತೆ ಮಾತಾಡತೊಡಗಿದನೆಂದು ಕೇಳಿದ್ದೇನೆ. ನನ್ನ ಜೊತೆ ಇವತ್ತಿಗೂ ಇಲ್ಲ.

ಈಗ ಪ್ರತಿ ವರ್ಷ ಪಂಚಮಿಗೆ ಎರಡು ದಿನ ಮೊದಲೇ ಹೋಗುತ್ತೇನೆ. ಹೊರಟೆ ಅಂತ ಫೋನು ಮಾಡಿದರೆ “ಹೂಂ” ಅನ್ನುತ್ತಾಳೆ. ನಾನು ಬಾಗಿಲಿಗೆ ಬಂದು ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸೀರೆಗಳನ್ನು ಮಡಚಲು ಕೂರುತ್ತಾಳೆ. ಮೇಲೆ ಹೋಗಿ ಅಮೀನಬಿಗೆ ತಾನು ತಿರುಗಿ ಬರುವತನಕ ಆಗುವಷ್ಟು ರೊಟ್ಟಿ ಬಡಿದಿಟ್ಟು, ಮಾತ್ರೆಗಳನ್ನು ಹೊತ್ತಿನ ಪ್ರಕಾರ ತೆಗೆದಿಟ್ಟು ಬರುತ್ತಾಳೆ. ಅದೆಲ್ಲ ಮುಗಿಯುವಷ್ಟರಲ್ಲಿ ಒಂದು ಬಸ್ಸು ತಪ್ಪುತ್ತದೆ. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಅವಸರ ಮಾಡದೆ ಕೂತಿರುತ್ತೇನೆ.