ಎಲ್ಲರಿಗೂ ಗೊತ್ತಿದ್ದದ್ದು

"ನೀವು ಭಾಳ ಗಟ್ಟಿ ಅದೀರಿ ನೋಡ್ರಿ ಅಕ್ಕಾರ," ಎಂದ ಗಿರೀಶ, ಹಡಗಿನ ಅಂಚಿನ ಕಂಬಿಗೆ ಒರಗಿ. "ಮನಿಯೊಳಗ ಇಂಥಾ ಪರಿಸ್ಥಿತಿ ಇಟ್ಕೊಂಡು ನಗನಗ್ತಾ ಟ್ರಿಪ್ಪಿಗೆ ಹೊಂಟೀರಿ. ನಮ್ಮ ಸಿಂಧು ಅಂತೂ ಹಾಸಿಗಿನ ಹಿಡದಿದ್ಲು."

ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ಪ್ರಭಾ ತಲೆಯೆತ್ತಿದಳು. "ಎಂಥ ಪರಿಸ್ಥಿತಿ?"

ಗಿರೀಶ ಧಾರವಾಡದ ಕಡೆಯವನು. ಡೆಟ್ರಾಯಿಟ್ ಹತ್ತಿರದ ಲಿವೋನಿಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವಳ ಗಂಡ ಶ್ಯಾಮ್ ಜೊತೆ ಕೆಲಸಕ್ಕಿದ್ದವನು. ಯುಗಾದಿ ಊಟದಲ್ಲಿ ಒಮ್ಮೆ ನೋಡಿದ್ದಳಷ್ಟೆ. ಬೆಳಿಗ್ಗೆ ಹೋಟನ್ ಊರಿನ ದಕ್ಕೆಯಲ್ಲಿ ಹಡಗು ಹತ್ತುವಾಗ ಅವನೂ ಅವನ ಹೆಂಡತಿ ಸಿಂಧುವೂ ಎದುರಾಗಿದ್ದರು. ಆಗ ಶ್ಯಾಮ್‌ನ ಮುಖ ಬಿಳಿಚಿಕೊಂಡದ್ದನ್ನು ಚಳಿಗಾಳಿಗೆ ಇರಬೇಕು ಅಂದುಕೊಂಡಿದ್ದಳು.

"ಅದ ರೀ, ಲೇ-ಆಫ್..." ಗಿರೀಶ ಅವಳ ಮುಖ ನೋಡಿ ತಡವರಿಸಿದ. "ಫೆಬ್ರವರಿಯೊಳಗ ನಮ್ಮಿಬ್ಬರನ್ನೂ ಕೂಡೇ ಕರದು ಹೇಳಿದ್ರಲ್ರಿ. ದಿನಾ ಲೈಬ್ರರಿಯೊಳಗ ಬಾಜೂಕ ಕುಂತು ಅಪ್ಲೈ ಮಾಡ್ತೀವಿ. ಶ್ಯಾಮ್ ಅವರು ನಿಮಗ..."

"ಹೇಳಿದಾರೆ," ಎಂದಳು ಪ್ರಭಾ.

ಆ ಸುಳ್ಳು ಬಾಯಿಗೆ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಗಿರೀಶ ಅದನ್ನು ನಂಬಲಿಲ್ಲ. ಸಿಂಧುವಿಗೆ ಹಡಗಿನ ಓಲಾಟಕ್ಕೆ ವಾಂತಿ ಬರುವ ಹಾಗಾಗಿದೆಯೆಂದು ಗೊಣಗುತ್ತ ಕೆಳಗಿಳಿದುಹೋದ.

ಎರಡು ಸಾವಿರದ ಒಂಬತ್ತರ ಜುಲೈ. ಡೆಟ್ರಾಯಿಟ್ ಸುತ್ತಮುತ್ತ ಯಾರ ಮನೆಗೆ ಹೋದರೂ ಕೆಲಸ ಹೋದವರದೇ ಮಾತು. ಆಗೆಲ್ಲ ಶ್ಯಾಮ್ ತಲೆ ಅಲ್ಲಾಡಿಸಿ, "ಪಾಪ, ಕಷ್ಟ" ಅನ್ನುತ್ತಿದ್ದ. ನಾರ್ತ್‌ವಿಲ್‌ನ ಮನೆಯಿಂದ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ತೊಟ್ಟು ಹೊರಡುತ್ತಿದ್ದ. ಅವಳು ಎದ್ದು ಚಪಾತಿ ಲಟ್ಟಿಸಿ, ಪಲ್ಯ ಮಾಡಿ ಡಬ್ಬಿ ಕಟ್ಟುತ್ತಿದ್ದಳು. ಸಂಜೆ ಬಂದವನು ಮೀಟಿಂಗುಗಳ ಕಥೆ ಹೇಳುತ್ತಿದ್ದ. ಬಾಸ್ ಹೀಗಂದ, ಹಾಗಂದ ಅನ್ನುತ್ತಿದ್ದ. ಇಲ್ಲದ ಬಾಸನ್ನು ಅವಳೂ ಅವನ ಪರವಾಗಿ ಬೈದಿದ್ದಳು.

ಒಂದೊಂದೇ ನೆನಪಾಗತೊಡಗಿತು. ಮೇ ತಿಂಗಳಲ್ಲಿ ಷಿಕಾಗೊ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋಗಿದ್ದಾಗ ಪರಿಚಯದ ಲೀನಾ ಅವಳ ಎರಡೂ ಕೈ ಹಿಡಿದುಕೊಂಡು, "ಧೈರ್ಯವಾಗಿರಿ ಆಂಟಿ, ದೇವರಿದಾನೆ" ಅಂದಿದ್ದಳು. ಊಟದ ಸಾಲಿನಲ್ಲಿ ಯಾರೋ ಅವಳ ಕೈಗೆ ಪುಳಿಯೋಗರೆಯ ದೊಡ್ಡ ಪೊಟ್ಟಣ ಇಟ್ಟಿದ್ದರು. ಇವರೆಲ್ಲ ಎಷ್ಟು ಅಕ್ಕರೆಯವರು ಎಂದುಕೊಂಡು ಅವಳು ಹಲ್ಲು ಕಿರಿದಿದ್ದಳು. ಈಗ ಆ ನಗು ನೆನೆದು ಕಿವಿಯವರೆಗೂ ಉರಿ ಹತ್ತಿತು.

ಆಮೇಲೆ ಏಪ್ರಿಲ್ ನೆನಪಾಯಿತು. ಅವಳು ಕೈಯಲ್ಲಿದ್ದ ಕಾಫಿಯನ್ನು ಕಂಬಿಯಾಚೆ ಚೆಲ್ಲಿ ಗಂಡನನ್ನು ಹುಡುಕಿಕೊಂಡು ಹೊರಟಳು.

ಶ್ಯಾಮ್ ಹಡಗಿನ ಹಿಂಭಾಗದ ಬೆಂಚಿನಲ್ಲಿ ಟೋಪಿಯನ್ನು ಕಿವಿವರೆಗೆ ಎಳೆದು ಕೂತಿದ್ದ. ಹೋಟನ್ ಯಾವಾಗಲೋ ಮರೆಯಾಗಿತ್ತು. ಸುತ್ತ ಸುಪೀರಿಯರ್ ಸರೋವರದ ಕಪ್ಪು ನೀರು ಬಿಟ್ಟರೆ ಏನೂ ಇರಲಿಲ್ಲ.

"ಏಪ್ರಿಲ್‌ನಲ್ಲಿ ಕಾಲೇಜಿಂದ ನಂಗೆ ಫೋನ್ ಬಂದಾಗ ನಿಮಗೆ ಕೆಲಸ ಇತ್ತೇನ್ರೀ?"

ಅವನು ತಲೆಯೆತ್ತಲಿಲ್ಲ. "ಗಿರೀಶ ಹೇಳಿದ್ನಾ?"

"ಕೇಳಿದ್ದಕ್ಕೆ ಹೇಳಿ."

"ಇರ್ಲಿಲ್ಲ."

ಪ್ರಭಾ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದವಳು. ಮದುವೆಗೆ ಮುಂಚೆ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಮಲ್ಪೆಯಿಂದ ಮಕ್ಕಳನ್ನು ದೋಣಿ ಹತ್ತಿಸಿ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳನ್ನು ತೋರಿಸುತ್ತಿದ್ದಳು. ಮಗಳು ಇಂಚರ ಆನ್ ಆರ್ಬರ್‌ಗೆ ಓದಲು ಹೋದ ಮೇಲೆ, ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಅರ್ಜಿ ಹಾಕಿದ್ದಳು. ಲ್ಯಾಬಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಶ್ಯಾಮ್ ಊಟದ ಮೇಜಿನಲ್ಲಿ ನಕ್ಕು, "ಈ ವಯಸ್ಸಲ್ಲಿ ಯಾಕೆ? ನಮಗೇನು ಕಡಿಮೆಯಾಗಿದೆ?" ಅಂದಿದ್ದ. ಎರಡು ದಿನ ಒದ್ದಾಡಿ ಅವಳೇ ಫೋನ್ ಮಾಡಿ ಬೇಡವೆಂದಿದ್ದಳು.

"ನಿಂಗೆ ನೋವಾಗ್ಬಾರ್ದು ಅಂತ ಹೇಳ್ಲಿಲ್ಲ ಪ್ರಭಾ. ಬೇರೆ ಕೆಲಸ ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ. ಈ ಟ್ರಿಪ್ ಕೂಡ... ಲಾವಾ ದ್ವೀಪ ನೋಡ್ಬೇಕು ಅಂತ ನೀನು ವರ್ಷಾ ವರ್ಷಾ ಕೇಳ್ತಿದ್ದೆ. ಇಲ್ಲಿ ಕರ್ಕೊಂಡು ಬಂದು ನಿಧಾನಕ್ಕೆ ಹೇಳೋಣ ಅಂತ."

"ಕೆಲಸ ಹೋಯ್ತು ಅಂತ ನಂಗೆ ಸಿಟ್ಟಿಲ್ಲ. ಎಷ್ಟೋ ಜನರದ್ದು ಹೋಗಿದೆ. ನನ್ನ ಕೆಲಸಾನೂ ಯಾಕೆ ಕಳೆದ್ರಿ? ಹೆಂಡತಿ ದುಡಿಯೋಕೆ ಹೋದ್ರೆ ಹೊರಗೆ ಯಾರಾದ್ರೂ ಬಾಯಿಬಿಟ್ಟು ನಿಮ್ಮ ಗುಟ್ಟು ರಟ್ಟಾಗುತ್ತೆ ಅಂತ ತಾನೆ?"

ಅವನು ಟೋಪಿಯನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡ.

"ಇಂಚರಾಗೆ ಗೊತ್ತಾ?"

"ಫೀಸ್ ವಿಷಯಕ್ಕೆ ಅವಳಿಗೆ ಹೇಳ್ಲೇಬೇಕಾಯ್ತು."

ಪ್ರತಿ ಭಾನುವಾರ ಫೋನಿನಲ್ಲಿ "ಆರ್ ಯೂ ಓಕೇ, ಅಮ್ಮಾ?" ಎಂದು ಮಗಳು ಎರಡೆರಡು ಸಲ ಕೇಳುತ್ತಿದ್ದದ್ದು ಇದಕ್ಕೆ. ಅಳಬಾರದೆಂದು ಪ್ರಭಾ ಹಲ್ಲು ಕಚ್ಚಿದಳು.

"ಊರಿಗೆಲ್ಲ ನಾನು ಗಟ್ಟಿ ಹೆಂಗಸು. ನಿಮಗೊಬ್ಬರಿಗೆ ಮಾತ್ರ ಗಾಜಿನ ಬೊಂಬೆ ಅಲ್ವಾ," ಎಂದು ಹೇಳಿ, ಹಡಗಿನ ಮುಂಭಾಗಕ್ಕೆ ಬಂದು, ದಡ ಕಾಣುವವರೆಗೂ ಗಾಳಿಗೆ ಮುಖ ಕೊಟ್ಟು ನಿಂತಳು.

ಐಲ್ ರಾಯಲ್ ದ್ವೀಪ ಮೊದಲು ನೀಲಿ ಗೆರೆಯಾಗಿ ಕಾಣಿಸಿತು. ಹತ್ತಿರವಾದ ಹಾಗೆ ಕಪ್ಪು ಬಂಡೆಯ ಅಂಚಿನ ಉದ್ದನೆಯ ಕಾಡಾಯಿತು. ಇಳಿದವರನ್ನೆಲ್ಲ ಅಲ್ಲಿನ ರಾಷ್ಟ್ರೀಯ ಉದ್ಯಾನದ ಎಳೆ ವಯಸ್ಸಿನ ರೇಂಜರ್ ಹುಡುಗಿಯೊಬ್ಬಳು ದಂಡೆಯುದ್ದಕ್ಕೂ ನಡೆಸಿಕೊಂಡು ಹೋದಳು. ಹೊರಡುವ ಮೊದಲು ಒಬ್ಬೊಬ್ಬರೂ ಹೆಸರು, ಊರು, ಕೆಲಸ ಹೇಳಿ ಎಂದಳು.

ಶ್ಯಾಮ್‌ನ ಸರದಿ ಬಂತು. ಅವನು ಹೆಸರು ಹೇಳಿದ, ನಾರ್ತ್‌ವಿಲ್ ಎಂದ. ಆಮೇಲೆ ಊಟದ ಮೇಜಿನ ಅದೇ ನಗು ನಕ್ಕು, ಇಂಗ್ಲಿಷಿನಲ್ಲಿ, ಲಿವೋನಿಯಾದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ ಎಂದ.

"ಇಲ್ಲ," ಎಂದಳು ಪ್ರಭಾ, ಎಲ್ಲರಿಗೂ ಕೇಳುವ ಹಾಗೆ, ಇಂಗ್ಲಿಷಿನಲ್ಲೇ. "ಫೆಬ್ರವರಿಯಲ್ಲಿ ಇವರ ಕೆಲಸ ಹೋಗಿದೆ."

ಗಿರೀಶ ನೆಲ ನೋಡಿದ. ಆಗ ಹಿಂದೆ ನಿಂತಿದ್ದ, ಬಿಳಿ ಗಡ್ಡದ ದಪ್ಪ ಮನುಷ್ಯನೊಬ್ಬ ಗಂಟಲು ಸರಿಮಾಡಿಕೊಂಡು, ತಾನು ಫ್ಲಿಂಟ್ ಊರಿನವನು, ತನ್ನದು ನವೆಂಬರಿನಲ್ಲೇ ಹೋಯಿತು ಎಂದ. ಗಿರೀಶ ನಿಧಾನವಾಗಿ ಕೈ ಎತ್ತಿ, "ಮೀ ಟೂ" ಎಂದ. ಸಿಂಧು ಅವನ ತೋಳು ಹಿಡಿದುಕೊಂಡಳು.

"ನಾನು ಜಿಯಾಲಜಿ ಟೀಚರ್," ಎಂದಳು ಪ್ರಭಾ, ತನ್ನ ಸರದಿ ಬಂದಾಗ. "ಕೆಲಸ ಹುಡುಕ್ತಾ ಇದೀನಿ."

ಗುಂಪು ಮುಂದೆ ನಡೆಯಿತು. ನೀರಿನಂಚಿನ ಬಂಡೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಇವು ಏನು ಎಂದು ಫ್ಲಿಂಟಿನ ಮನುಷ್ಯ ಕೇಳಿದ. ರೇಂಜರ್ ಹುಡುಗಿ ಪ್ರಭಾಳ ಕಡೆ ನೋಡಿದಳು. ಪ್ರಭಾ ಮೊಣಕಾಲೂರಿ ಕೂತು, ಒಂದೊಂದು ಚುಕ್ಕೆಯೂ ಕುದಿಯುವ ಲಾವಾದೊಳಗೆ ಸಿಕ್ಕಿಬಿದ್ದ ಒಂದು ಗಾಳಿಗುಳ್ಳೆ, ಕಲ್ಲು ಆರಿದ ಎಷ್ಟೋ ಕಾಲದ ಮೇಲೆ ಹರಳು ತುಂಬಿಕೊಂಡಿದೆ ಎಂದು ಹೇಳತೊಡಗಿದಳು. ದನಿ ಮೊದಲು ನಡುಗಿತು. ಆಮೇಲೆ ಗಟ್ಟಿಯಾಯಿತು. ಜನ ಸುತ್ತ ಬಗ್ಗಿದರು.

ಶ್ಯಾಮ್ ಸ್ವಲ್ಪ ದೂರದಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನೋಡಲಿಕ್ಕೆಂದು ಒಂದು ಹೆಜ್ಜೆ ಮುಂದೆ ಬಂದ. ಅವಳು ತಿರುಗಿ ನೋಡದೆ, ಬೊಗಸೆಯಲ್ಲಿ ಸರೋವರದ ತಣ್ಣೀರು ಎತ್ತಿ ಬಂಡೆಯ ಮೇಲೆ ಹೊಯ್ದಳು. ಕಲ್ಲು ಕಡುಕಪ್ಪಾಗಿ, ಅದರ ಚುಕ್ಕೆಗಳೆಲ್ಲ ಒಮ್ಮೆಲೇ ಎದ್ದು ಕಂಡವು.